ಟೆಂಟ್ ಕಟ್ಕೊಂಡು ಕೊಡಗಲ್ಲಿ ಐದು ದಿನ, ನಿಧಾನಕ್ಕೆ

ಮೊದ್ಲೇ ಹೇಳ್ಬಿಡ್ತೀನಿ, ಕೊಡಗಲ್ಲಿ ಸಿಕ್ಕ ಸಿಕ್ಕ ಕಡೆ ಟೆಂಟ್ ಹಾಕಕ್ಕಾಗಲ್ಲ. ರಸ್ತೆ ಪಕ್ಕ ಖಾಲಿ ಕಾಣೋ ಜಾಗನೂ ಯಾರದ್ದೋ ತೋಟ, ಇಲ್ಲ ಗದ್ದೆ, ಇಲ್ಲ ಫಾರೆಸ್ಟ್‌ನೋರದ್ದು. ನಾವು ಹೋಂಸ್ಟೇ ನಡ್ಸೋ ತೋಟದೋರಿಗೆ ಮುಂಚೆನೇ ಫೋನ್ ಮಾಡಿ, ರೂಮ್ ಬೇಡ, ಅಂಗಳದಲ್ಲಿ ಟೆಂಟ್ ಹಾಕ್ಕೊತೀವಿ, ಬಾತ್‌ರೂಮು ರಾತ್ರಿ ಊಟ ಕೊಟ್ರೆ ಸಾಕು ಅಂತ ಕೇಳಿದ್ವಿ. ಇಬ್ರು ಆಗಲ್ಲ ಅಂದ್ರು, ಮೂರು ಕಡೆ ಖುಷಿಯಿಂದ ಒಪ್ಕೊಂಡ್ರು.

ಹೋಗಿದ್ದು ನವೆಂಬರ್‌ನಲ್ಲಿ, ನಾನು, ನಮ್ಮನೆಯವ್ರು, ಎಂಟು ವರ್ಷದ ಮಗಳು. ಈ ಟೈಮೇ ಸರಿ ಅಂತ ನನ್ನ ಲೆಕ್ಕ. ಡಿಸೆಂಬರ್ ಬಂತು ಅಂದ್ರೆ ಕಾಫಿ ಕೊಯ್ಲು, ಕಣದ ತುಂಬ ಹಣ್ಣು ಒಣಗಾಕಿರ್ತಾರೆ, ಅಲ್ಲಿ ಕಣ ಬಿಟ್ರೆ ಮಟ್ಟಸ ಜಾಗ ಸಿಗೋದೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಮಳೆ, ಜಿಗಣೆ, ಟೆಂಟ್ ಯೋಚ್ನೆನೇ ಬೇಡ.

ಮೈಸೂರಿಂದ ಮಡಿಕೇರಿ ಸುಮಾರು 120 ಕಿಮೀ, ಮೂರು ಗಂಟೆ ಸಾಕು, ಆದ್ರೆ ನೀವು ಪಿರಿಯಾಪಟ್ಟಣದಲ್ಲಿ ಒಂದ್ಸಲ ಗಾಡಿ ನಿಲ್ಸಿ. ನೋಡೋಕೆ ಏನಿದೆ ಅಂತಲ್ಲ, ಕೊಡಗಿನ ದೊಡ್ಡ ವೀರರಾಜೇಂದ್ರನನ್ನ ಟಿಪ್ಪು ಸೆರೆಯಲ್ಲಿ ಇಟ್ಟಿದ್ದು ಇಲ್ಲೇ, 1788ರಲ್ಲಿ ಇಲ್ಲಿಂದಾನೇ ತಪ್ಪಿಸ್ಕೊಂಡು ಕೊಡಗಿಗೆ ಓಡಿದ್ದು. ಟೀ ಕುಡೀತಾ ಮಗಳಿಗೆ ಈ ಕತೆ ಹೇಳಿದ್ದೇ ತಡ, ಐದು ದಿನ ಅವಳ ಬಾಯಲ್ಲಿ ಅದೇ, ಆ ರಾಜ ಆಮೇಲೆ ಎಲ್ಲಿಗೆ ಹೋದ, ಏನ್ ಮಾಡ್ದ. ಹಂಗಾಗಿ ನಮ್ಮ ಟ್ರಿಪ್ ಅವನ ಹಿಂದೆನೇ ಹೋಯ್ತು.

ಮಡಿಕೇರಿಲಿ ಎರಡು ರಾತ್ರಿ ಇದ್ವಿ, ಊರಾಚೆ. ರಾಜಾಸೀಟ್‌ನಲ್ಲಿ ಸಂಜೆ ಕಾಲಿಡಕ್ಕೂ ಜಾಗ ಇರಲ್ಲ, ಬೆಳಿಗ್ಗೆ ಹೋಗಿ. ಆದ್ರೆ ಗದ್ದಿಗೆ ಮಾತ್ರ ತಪ್ಪಿಸ್ಬೇಡಿ, ದೊಡ್ಡ ವೀರರಾಜೇಂದ್ರ, ಅವನ ತಮ್ಮ ಲಿಂಗರಾಜೇಂದ್ರ ಇಬ್ರ ಸಮಾಧಿನೂ ಅಲ್ಲೇ, ಗುಮ್ಮಟ, ಮೂಲೆಗೊಂದು ಮಿನಾರು, ಎಷ್ಟು ಪ್ರಶಾಂತವಾಗಿದೆ ಅಂದ್ರೆ ನಾವು ಹೋದಾಗ ನಮ್ಮನ್ ಬಿಟ್ರೆ ಒಬ್ರೂ ಇರ್ಲಿಲ್ಲ. 1820ರ ಓಂಕಾರೇಶ್ವರ ದೇವಸ್ಥಾನಕ್ಕೂ ಅದೇ ಥರ ಗುಮ್ಮಟ ಇದೆ, ಎರಡನ್ನೂ ಒಂದೇ ದಿನ ನೋಡಿದ್ರೆ ಚೆನ್ನ. ಕೋಟೆಗೆ ಒಂದು ಗಂಟೆ ಸಾಕು, ಗಾರೆ ಆನೆಗಳ ಹತ್ರ ಮಕ್ಳು ಜಾಗ ಬಿಟ್ಟು ಬರಲ್ಲ.

ಪೆಟ್ರೋಲು, ದುಡ್ಡು ಎರಡನ್ನೂ ಮಡಿಕೇರಿಲೇ ತುಂಬ್ಸಿಕೊಳ್ಳಿ. ಭಾಗಮಂಡಲ ಅಲ್ಲಿಂದ ಸುಮಾರು 40 ಕಿಮೀ, ತಲಕಾವೇರಿ ಇನ್ನೂ 8 ಕಿಮೀ ಮೇಲೆ. ಅಕ್ಟೋಬರ್ ತುಲಾ ಸಂಕ್ರಮಣದಲ್ಲಿ ಹೋದ್ರೆ ಜನಸಾಗರ, ನಮಗೆ ಆರಾಮಾಗಿ ದರ್ಶನ ಆಯ್ತು. ಅಲ್ಲಿಂದ ನಾಪೋಕ್ಲು ಮೇಲೆ ಕಕ್ಕಬ್ಬೆಗೆ ಬಂದ್ವಿ, ರಸ್ತೆ ಕಿರಿದು, ತಿರುವು ಜಾಸ್ತಿ, ಫೋನ್ ಸಿಗ್ನಲ್ ಹೋಗ್ತಾ ಬರ್ತಾ ಇರುತ್ತೆ, ಕತ್ತಲಾಗೋಕ್ ಮುಂಚೆ ಸೇರ್ಕೊಳ್ಳಿ.

ಇಡೀ ಟ್ರಿಪ್‌ನಲ್ಲಿ ನನ್ನ ಮನ್ಸು ನಿಂತಿದ್ದು ಕಕ್ಕಬ್ಬೆ ಹತ್ರದ ನಾಲ್ಕುನಾಡು ಅರಮನೆಲಿ. ಅರಮನೆ ಅಂದ್ರೆ ಮೈಸೂರಿನ ಥರ ಅಲ್ಲ, ಕಾಡಂಚಲ್ಲಿರೋ ದೊಡ್ಡ ತೊಟ್ಟಿಮನೆ ಹಂಗೆ, ಕೆತ್ತನೆ ಬಾಗಿಲು, ಗೋಡೆ ಮೇಲೆ ಮಾಸಿದ ಚಿತ್ರ. ಸೆರೆಯಿಂದ ಬಂದ ಅದೇ ರಾಜ 1792ರ ಸುಮಾರಿಗೆ ಕಟ್ಟಿಸಿದ್ದು. 1834ರಲ್ಲಿ ಬ್ರಿಟಿಷರು ಬಂದಾಗ ಕೊನೇ ರಾಜ ಚಿಕ್ಕವೀರರಾಜೇಂದ್ರ ಬಂದು ಅಡಗಿದ್ದೂ ಇಲ್ಲೇ, ಆಮೇಲೆ ಅವನು ಲಂಡನ್‌ಗೆ ಹೋಗಿ ಅಲ್ಲೇ ತೀರ್ಕೊಂಡ. ಜಗಲಿಲಿ ಕೂತು ಎದುರಿನ ಬೆಟ್ಟ ನೋಡ್ತಾ ಇದ್ರೆ ಅವನಿಗೆ ಆ ರಾತ್ರಿ ಹೆಂಗಿತ್ತೋ ಅನ್ಸಿ ಕರುಳು ಚುರ್ ಅನ್ನುತ್ತೆ. ಒಂದು ಮಧ್ಯಾಹ್ನ ಪೂರ್ತಿ ಇದಕ್ಕೆ ಇಡಿ. 1,748 ಮೀಟರ್ ತಡಿಯಂಡಮೋಳ್ ಹತ್ತೋ ದಾರಿನೂ ಇಲ್ಲಿಂದಾನೇ, ಆದ್ರೆ ಮೇಲೆ ರಾತ್ರಿ ಉಳ್ಕೊಳಕ್ಕೆ ಬಿಡಲ್ಲ, ಟೆಂಟ್ ಹೊತ್ಕೊಂಡು ಹೋಗ್ಬೇಡಿ.

ನಾಲ್ಕನೇ ರಾತ್ರಿ ವಿರಾಜಪೇಟೆ ಕಡೆ. ಗದ್ದೆ ಎದುರಿಗೆ ಜಾಗ ಚೆನ್ನಾಗಿದೆ ಅಂತ ಗೂಟ ಹೊಡೀತಿದ್ವಿ, ತೋಟದ ಆಂಟಿ ಓಡಿ ಬಂದು "ಅಯ್ಯೋ ಅಲ್ಲಿ ಬೇಡಮ್ಮಾ, ಬತ್ತ ಹಣ್ಣಾಗಿದೆ, ರಾತ್ರಿ ಆನೆ ಇಳಿಯುತ್ತೆ" ಅಂದ್ರು. ಮನೆ ಗೋಡೆಗೇ ಒತ್ಕೊಂಡು ಹಾಕಿದ್ವಿ. ರಾತ್ರಿ ಪಟಾಕಿ ಸದ್ದು ಕೇಳಿ ಎದೆ ನಡುಗ್ತು, ಪಕ್ಕದ ತೋಟದೋರು ಆನೆ ಓಡಿಸ್ತಿದ್ರಂತೆ. ಜಾಗ ನೀವೇ ಆರಿಸ್ಬೇಡಿ, ಮನೆಯೋರು ತೋರ್ಸಿದ ಕಡೆನೇ ಹಾಕಿ, ಕತ್ತಲಾದ್ಮೇಲೆ ತೋಟದೊಳಗೆ ಓಡಾಡ್ಬೇಡಿ. ಅವತ್ತು ಆಂಟಿ ಕಡಂಬುಟ್ಟು, ಅಂದ್ರೆ ಅಕ್ಕಿತರಿ ಉಂಡೆ ಕಡುಬು, ಮಾಡಿ ಬಡಿಸಿದ್ರು, ಆ ಕೈರುಚಿ ಮರೆಯಕ್ಕಾಗಲ್ಲ.

ವಿರಾಜಪೇಟೆನೂ ದೊಡ್ಡ ವೀರರಾಜೇಂದ್ರನೇ 1792ರಲ್ಲಿ ಕಟ್ಟಿಸಿದ ಪೇಟೆ, ಹೆಸರೇ ವೀರರಾಜೇಂದ್ರಪೇಟೆ. ಟಿಪ್ಪು ಕಾಲದಲ್ಲಿ ತಪ್ಪಿಸ್ಕೊಂಡು ಬಂದ ಕ್ಯಾಥೊಲಿಕರಿಗೆ ಅವನೇ ಜಾಗ ಕೊಟ್ಟ, ಸಂತ ಅನ್ನಮ್ಮನ ಚರ್ಚು ಶುರುವಾಗಿದ್ದು ಹಂಗೆ. ತಾನೂ ಸೆರೆಯಿಂದ ಓಡಿ ಬಂದೋನು ಅಲ್ವಾ ಅಮ್ಮಾ ಅಂದ್ಲು ಮಗಳು.

ವಾಪಸ್ ಗೋಣಿಕೊಪ್ಪ, ತಿತಿಮತಿ, ಹುಣಸೂರು. ತಿತಿಮತಿ ದಾಟಿದ್ಮೇಲೆ ಕಾಡು, ಹಗಲಲ್ಲೇ ದಾಟಿ, ಎಲ್ಲೂ ಇಳೀಬೇಡಿ. ಗೋಣಿಕೊಪ್ಪದಲ್ಲಿ ಕಾಚಂಪುಳಿ (ಕೊಡಗಿನೋರು ಸಾರಿಗೆ ಹಾಕೋ ಕಪ್ಪು ಹುಳಿ), ಜೇನು ತಗೊಂಡ್ವಿ.

ಸಾಮಾನಲ್ಲಿ ಮುಖ್ಯ ಅಂದ್ರೆ ಟೆಂಟ್ ಕೆಳಗೆ ಹಾಸೋ ದಪ್ಪ ಟಾರ್ಪಾಲು, ಮೇಲಕ್ಕೊಂದು. ನಾವು ಮೇಲಿಂದು ಮರ್ತು ಹೋಗಿ ಮೊದಲ್ನೇ ರಾತ್ರಿ ಮಂಜಿಗೆ ರಗ್ಗೆಲ್ಲ ಒದ್ದೆ, ಮಾರನೇ ದಿನ ಮಡಿಕೇರಿ ಪೇಟೆಲಿ ತಗೊಂಡ್ವಿ. ಟೆಂಟು ಮನೆಗೆ ಬಂದ್ಮೇಲೆ ಎರಡು ದಿನ ತಾರಸಿ ಮೇಲೆ ಹರಡಿ, ಒದ್ದೆ ಮಡಚಿಟ್ರೆ ವಾರದೊಳಗೆ ಬೂಷ್ಟು ಹಿಡಿಯುತ್ತೆ.