ಚಿಕ್ಕಮ್ಮನ "ಹೇಗೋ ಮಾಡ್ಕೋತೀನಿ" ಮತ್ತು ಜಡ್ಜ್ ಲಾಟರಿ

ಅಮೆರಿಕದಲ್ಲಿ ಕಾಯಿಲೆಯಿಂದ ಕೆಲಸ ಮಾಡಲಾಗದವರಿಗೆ ಸರ್ಕಾರ ಕೊಡುವ ಡಿಸಬಿಲಿಟಿ ಹಣಕ್ಕೆ ಚಿಕ್ಕಮ್ಮ ಹಾಕಿದ್ದ ಅಪೀಲು ಬಿದ್ದುಹೋಯಿತು. ಬೇಜಾರಿಗಿಂತ ಸಿಟ್ಟೇ ಜಾಸ್ತಿ, ಅದಕ್ಕೇ ಬರೆಯುತ್ತಿದ್ದೇನೆ.

ಅವರಿಗೆ 47 ವರ್ಷ. ನ್ಯೂಜೆರ್ಸಿಯ ಗೋದಾಮಿನಲ್ಲಿ 11 ವರ್ಷ ಪ್ಯಾಕಿಂಗ್ ಕೆಲಸ ಮಾಡಿದವರು. ಈಗ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ ಕೀಲುನೋವಿನ ಕಾಯಿಲೆ, ಬೆಳಿಗ್ಗೆ ಎದ್ದರೆ ಪೇಸ್ಟಿನ ಮುಚ್ಚಳ ತಿರುಗಿಸುವುದಕ್ಕೂ ಆಗುವುದಿಲ್ಲ. ಈ ಹಣ ಕೊಡುವ ಸರ್ಕಾರಿ ಸಂಸ್ಥೆ ಸೋಶಿಯಲ್ ಸೆಕ್ಯುರಿಟಿಯವರು ಎರಡು ಸಲ ಇಲ್ಲ ಅಂದ ಮೇಲೆ ಕೇಸು ಆ ಸಂಸ್ಥೆಯದೇ ಜಡ್ಜ್ ಹತ್ತಿರ ಹೋಯಿತು. ಹಿಯರಿಂಗ್ ಫೋನಿನಲ್ಲೇ ನಡೆಯಿತು. ಅಡುಗೆಮನೆ ಟೇಬಲ್ ಮೇಲೆ ಸ್ಪೀಕರ್ ಹಾಕಿಕೊಂಡು ಕೂತಿದ್ದೆವು. ಕನ್ನಡದ ದುಭಾಷಿಯನ್ನು ಅವರೇ ಪುಕ್ಕಟೆ ಕೊಟ್ಟಿದ್ದರು.

"ಅಡುಗೆ ಮಾಡ್ತೀರಾ?" ಅಂತ ಪ್ರಶ್ನೆ ಬಂತು. ಚಿಕ್ಕಮ್ಮ "ಹೇಗೋ ಮಾಡ್ಕೋತೀನಿ" ಅಂದರು. ಅದು ಇಂಗ್ಲಿಷಿಗೆ ಹೋಗುವಾಗ "ನಿಭಾಯಿಸುತ್ತೇನೆ" ಅಂತಾಯಿತು, ತೀರ್ಪಿನಲ್ಲಿ "ಅಡುಗೆ ಮಾಡಬಲ್ಲರು" ಅಂತ ಬಂತು. ಆ "ಹೇಗೋ" ಒಳಗೆ ಏನಿದೆ ಅಂತ ನಮಗೆ ಗೊತ್ತು: ತರಕಾರಿ ಹೆಚ್ಚುವುದು ಚಿಕ್ಕಪ್ಪ, ಕುಕ್ಕರ್ ಮುಚ್ಚುವುದು ಮಗ, ಚಿಕ್ಕಮ್ಮ ಸ್ಟೂಲ್ ಮೇಲೆ ಕೂತು ಒಗ್ಗರಣೆ ಹಾಕುವುದು. ಜಡ್ಜ್ ಇನ್ನೊಂದು ಪ್ರಶ್ನೆ ಕೇಳಿದ್ದರೆ ಇದೆಲ್ಲ ಹೊರಗೆ ಬರುತ್ತಿತ್ತು. ಕೇಳಲಿಲ್ಲ.

ಇನ್ನೊಂದು ಊರಿನಲ್ಲಿರುವ ನಮ್ಮ ಪರಿಚಯದವರಿಗೂ ಇದೇ ಕಾಯಿಲೆ, ಹೆಚ್ಚುಕಡಿಮೆ ಇದೇ ವಯಸ್ಸು. ಅವರಿಗೆ ಅರ್ಧ ಗಂಟೆಯ ಹಿಯರಿಂಗ್ ಮುಗಿದು ಹಣ ಮಂಜೂರಾಯಿತು. ಅವರ ಜಡ್ಜ್ ಕೈಬೆರಳುಗಳ ಬಗ್ಗೆಯೇ ಹತ್ತು ನಿಮಿಷ ಕೇಳಿದರಂತೆ.

ಆಮೇಲೆ ನಾನು ಅಂಕಿ ಅಂಶ ನೋಡುತ್ತಾ ಕೂತೆ. ಯಾವ ಜಡ್ಜ್ ಎಷ್ಟು ಕೇಸಿಗೆ ಹೂಂ ಅಂದರು, ಎಷ್ಟಕ್ಕೆ ಇಲ್ಲ ಅಂದರು ಅಂತ ಸೋಶಿಯಲ್ ಸೆಕ್ಯುರಿಟಿಯವರೇ ಹೆಸರು ಸಮೇತ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಕೆಲವರು ನೂರಕ್ಕೆ 80 ದಾಟುತ್ತಾರೆ, ಕೆಲವರು 30 ಕೂಡ ದಾಟುವುದಿಲ್ಲ. ಊರಿಂದೂರಿಗೆ ವ್ಯತ್ಯಾಸ ಇರುವುದು ನನಗೆ ಅರ್ಥವಾಗುತ್ತದೆ, ಗಣಿ ಕೆಲಸದವರು ಇರುವ ಕಡೆ ಬರುವ ಕೇಸುಗಳೇ ಬೇರೆ. ಆದರೆ ಒಂದೇ ಕಚೇರಿಯೊಳಗೆ ಕೇಸು ಹಂಚುವುದು ಸರದಿ ಪ್ರಕಾರ. ಅಂದ ಮೇಲೆ ಎಲ್ಲರ ಮುಂದೆ ಬರುವ ಫೈಲುಗಳೂ ಹೆಚ್ಚುಕಡಿಮೆ ಒಂದೇ ಥರ ಇರಬೇಕು, ಅಲ್ವಾ? ಅಲ್ಲೂ ಇಷ್ಟು ಅಂತರ ಇದ್ದರೆ ಅದು ಕಾಯಿಲೆಯದ್ದಲ್ಲ, ಜಡ್ಜ್‌ದು.

ಎರಡು ತುದಿಗಳನ್ನು ನೋಡಿ. ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್‌ನಲ್ಲಿ ಒಬ್ಬ ಜಡ್ಜ್ 2010ರಲ್ಲಿ 1,284 ಕೇಸು ತೀರ್ಮಾನಿಸಿ ನಾಲ್ಕು ಬಿಟ್ಟು ಎಲ್ಲಕ್ಕೂ ಮಂಜೂರು ಕೊಟ್ಟರು. ವಕೀಲನಿಂದ ಲಂಚ ತಿಂದದ್ದು ಆಮೇಲೆ ಬಯಲಾಯಿತು, 2017ರಲ್ಲಿ ತಪ್ಪೊಪ್ಪಿಕೊಂಡರು. ಆದರೆ ಅದಕ್ಕೂ ಮೊದಲೇ, 2015ರಲ್ಲಿ, ಆ ವಕೀಲನ ಕಕ್ಷಿದಾರರ ಕೇಸುಗಳನ್ನು ಮತ್ತೆ ತೆಗೆದರು. ನಿಜವಾಗಿಯೂ ಹಾಸಿಗೆ ಹಿಡಿದವರ ದುಡ್ಡೂ ನಿಂತಿತು. ನ್ಯೂಯಾರ್ಕಿನ ಕ್ವೀನ್ಸ್ ಕಚೇರಿಯದ್ದು ಇದರ ಉಲ್ಟಾ. ಅಲ್ಲಿನ ಐದು ಜಡ್ಜ್‌ಗಳು ಅರ್ಜಿದಾರರ ವಿರುದ್ಧ ಪಕ್ಷಪಾತ ಮಾಡುತ್ತಾರೆ ಅಂತ 2011ರಲ್ಲಿ ಜನ ಕೋರ್ಟಿಗೆ ಹೋದರು. 2013ರಲ್ಲಿ ರಾಜಿಯಾಗಿ ಸುಮಾರು 4,000 ಜನರಿಗೆ ಮತ್ತೆ ಹಿಯರಿಂಗ್ ಕೇಳುವ ಅವಕಾಶ ಸಿಕ್ಕಿತು.

ಜಡ್ಜ್ ಇಷ್ಟವಿಲ್ಲ ಅಂತ ಸುಮ್ನೆ ಬದಲಾಯಿಸಿಕೊಳ್ಳುವುದಕ್ಕೆ ಆಗುವುದಿಲ್ಲ. 2011ರ ಕೊನೆಯಿಂದ 2013ರವರೆಗೆ ಹಿಯರಿಂಗ್ ದಿನದ ತನಕ ಜಡ್ಜ್ ಹೆಸರನ್ನೇ ಮುಚ್ಚಿಟ್ಟಿದ್ದರು, ಜನ ಆರಿಸಿಕೊಳ್ಳುತ್ತಾರೆ ಅಂತ. ಹೆಸರು ಮುಚ್ಚಿಟ್ಟರೆ ಅಂತರ ಕಮ್ಮಿಯಾಗುತ್ತದೆಯೇ?

ಈಗ ಜಡ್ಜ್ ತೀರ್ಪನ್ನು ಮತ್ತೆ ನೋಡುವ ಅಪೀಲ್ಸ್ ಕೌನ್ಸಿಲ್‌ಗೆ ಹಾಕಿದ್ದೇವೆ. 60 ದಿನದ ಗಡುವು ಇತ್ತು, ಯಾರಾದರೂ ಇದೇ ಪಾಡಿನಲ್ಲಿದ್ದರೆ ಅದನ್ನು ಮಾತ್ರ ಮೀರಬೇಡಿ. ಕೌನ್ಸಿಲ್ ಕೇಸು ವಾಪಸು ಕಳಿಸಿದರೂ ಮೊದಲ ಸಲ ಸಾಮಾನ್ಯವಾಗಿ ಅದೇ ಜಡ್ಜ್ ಹತ್ತಿರವೇ ಹೋಗುತ್ತದೆ. ವಕೀಲರು ಇದನ್ನು ಹೇಳಿದಾಗ ಚಿಕ್ಕಮ್ಮ ಏನೂ ಮಾತಾಡಲಿಲ್ಲ. ಮಾರನೇ ದಿನ ಮಗನ ಹಳೇ ನೋಟ್‌ಬುಕ್ ತೆಗೆದುಕೊಂಡು, ಪೆನ್ನಿಗೆ ಬಟ್ಟೆ ಸುತ್ತಿ ಹಿಡಿದು ಬರೆದರು: "ಬೆಳಿಗ್ಗೆ ಒಲೆ ಮುಂದೆ 8 ನಿಮಿಷ ನಿಂತೆ. ಆಮೇಲೆ 40 ನಿಮಿಷ ಮಲಗಿದೆ. ಪಾತ್ರೆ ಅವರು ತೊಳೆದರು."