ಕಡ್ಡಾಯ ಲಸಿಕೆ ಮತ್ತು ನಮ್ಮ ಭಾಗದ ಉಪಕೇಂದ್ರ

2021ರ ಕೊನೆಯ ತಿಂಗಳುಗಳಲ್ಲಿ, ತೊಗರಿ ಕಾಯಿ ಬಲಿಯುವ ಹೊತ್ತಿಗೆ, ಶಿಕ್ಷಕನಾದ ನನಗೆ ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೋವಿಡ್ ಲಸಿಕಾ ಅಭಿಯಾನದ ಕೆಲಸ ಬಿದ್ದಿತ್ತು. ಆಶಾ ಕಾರ್ಯಕರ್ತೆಯ ಜೊತೆ ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಹೋಗುತ್ತಿದ್ದೆ. ಒಂದು ಮನೆಯ ಹೆಣ್ಣುಮಗಳು, "ಸೂಜಿ ಮಾಡಿಸ್ಕೊಂಡ್ರ ಎರಡ್ ದಿನ ಜ್ವರ ಬರ್ತಾವ್ರಿ ಸರ್, ನನ್ ಕೂಲಿ ಯಾರ್ ಕೊಡ್ತಾರ?" ಎಂದು ಕೇಳಿದಳು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ರೇಷನ್ ನಿಲ್ಲುತ್ತದೆ ಎಂದು ತಂಡದ ಒಬ್ಬರು ಹೆದರಿಸಿದರು, ಆಕೆ ಬಂದು ಹಾಕಿಸಿಕೊಂಡಳು, ಪಟ್ಟಿಯಲ್ಲಿ ಒಂದು ಗುರುತು ಬಿತ್ತು. ಮುಂದಿನ ಗುರುವಾರ ಮಕ್ಕಳ ಚುಚ್ಚುಮದ್ದಿನ ದಿನ ಆ ಓಣಿಯಿಂದ ಒಂದು ಕೂಸೂ ಬರಲಿಲ್ಲ.

ದೇಶದಲ್ಲಿ ಕೋವಿಡ್‌ನಿಂದ ಮೊದಲು ಸತ್ತವರು ನಮ್ಮ ಕಲಬುರಗಿಯವರು, 2020ರ ಮಾರ್ಚ್‌ನಲ್ಲಿ. ಆ ಭಯವನ್ನು ಹತ್ತಿರದಿಂದ ಕಂಡವನಾಗಿ ನಾನು ಲಸಿಕೆಯನ್ನು ಮನಃಪೂರ್ವಕವಾಗಿ ಬೆಂಬಲಿಸುತ್ತೇನೆ. ಆದರೂ 2022ರ ಮೇ 2ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಸಂವಿಧಾನದ 21ನೇ ವಿಧಿಯಡಿ ವ್ಯಕ್ತಿಗೆ ತನ್ನ ದೇಹದ ಮೇಲಿರುವ ಹಕ್ಕನ್ನು ಎತ್ತಿಹಿಡಿದ ನ್ಯಾಯಾಲಯ, ಯಾರನ್ನೂ ಬಲವಂತವಾಗಿ ಲಸಿಕೆಗೆ ಒಳಪಡಿಸುವಂತಿಲ್ಲ ಎಂದಿತು. ಸಾರ್ವಜನಿಕ ಆರೋಗ್ಯಕ್ಕಾಗಿ ಸರ್ಕಾರ ಮಿತಿಗಳನ್ನು ಹೇರಬಹುದು, ಆದರೆ ಅವು ಅಗತ್ಯಕ್ಕೆ ತಕ್ಕ ಪ್ರಮಾಣದಲ್ಲಿರಬೇಕು ಎಂದೂ ಹೇಳಿತು. ಲಸಿಕೆ ಪಡೆಯದವರಿಂದಲೇ ಸೋಂಕು ಹೆಚ್ಚು ಹರಡುತ್ತದೆ ಎಂದು ತೋರಿಸುವ ದತ್ತಾಂಶವನ್ನು ಸರ್ಕಾರಗಳು ಮುಂದಿಟ್ಟಿರಲಿಲ್ಲ.

ದಡಾರದ ವಿಷಯ ಬೇರೆ. ಅದು ಊರಿನೊಳಗೆ ಹರಡದಂತೆ ತಡೆಯಲು ನೂರರಲ್ಲಿ ಸುಮಾರು 95 ಮಂದಿಗೆ ರಕ್ಷಣೆ ಇರಬೇಕು. ಅಲ್ಲಿ ಒಬ್ಬರ ನಿರಾಕರಣೆಯ ಹೊರೆ ಪಕ್ಕದ ಮನೆಯ ಕೂಸಿನ ಮೇಲೆ ಬೀಳುತ್ತದೆ. ಆದರೆ ನಾನು ಕಂಡಂತೆ ಇಲ್ಲಿ ತಪ್ಪಿಹೋಗುವ ಮಕ್ಕಳಲ್ಲಿ ಹೆಚ್ಚಿನವರು ನಿರಾಕರಿಸಿದವರ ಮಕ್ಕಳಲ್ಲ. 9 ತಿಂಗಳು ತುಂಬಿ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿಸಬೇಕಾದ ಹೊತ್ತಿಗೆ ತಂದೆತಾಯಿ ಮುಂಬೈಗೋ ಪುಣೆಗೋ ಗುಳೆ ಹೋಗಿರುತ್ತಾರೆ. ತಾಯಿ ಕಾರ್ಡ್ ಅಜ್ಜಿಯ ಟ್ರಂಕಿನಲ್ಲಿ ಉಳಿದಿರುತ್ತದೆ. ಅವರಿಗೆ ಕಡ್ಡಾಯದ ಆದೇಶ ಹೊರಡಿಸಿ ಏನು ಪ್ರಯೋಜನ?

ಬಯಲು ಪ್ರದೇಶದಲ್ಲಿ 5,000 ಜನಸಂಖ್ಯೆಗೆ ಒಂದು ಆರೋಗ್ಯ ಉಪಕೇಂದ್ರ ಎಂಬುದು ನಿಯಮ. ನಾನು ಕಂಡ ಉಪಕೇಂದ್ರದ ನರ್ಸಕ್ಕ ಪಕ್ಕದ ಖಾಲಿ ಉಪಕೇಂದ್ರವನ್ನೂ ನೋಡಿಕೊಳ್ಳುತ್ತಿದ್ದರು. ಗರ್ಭಿಣಿಯರ ತಪಾಸಣೆ, ಬಿಪಿ-ಶುಗರ್ ಪರೀಕ್ಷೆ, ರಿಜಿಸ್ಟರ್, ಮೊಬೈಲ್‌ನಲ್ಲಿ ಮಾಹಿತಿ ತುಂಬುವುದು ಎಲ್ಲವೂ ಅವರದೇ. ಕೋವಿಡ್ ಶಿಬಿರಗಳ ಗುರಿ ಬಂದಾಗ ಅದೇ ನರ್ಸ್ ಅಲ್ಲಿಗೆ ಹೋದರು, ಮಕ್ಕಳ ಗುರುವಾರಗಳು ತಪ್ಪಿದವು. ನೇಮಕಾತಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ನೀಡುವ ಸಂವಿಧಾನದ 371ಜೆ ವಿಧಿ ಬಂದು ದಶಕ ಕಳೆದರೂ ಹೀಗಿದ್ದರೆ, ಜನರನ್ನು ಹೆದರಿಸುವುದಕ್ಕಿಂತ ಮೊದಲು ಆ ಹುದ್ದೆಗಳನ್ನು ತುಂಬಬೇಕೆಂದು ನಾನು ಒತ್ತಾಯಿಸುತ್ತೇನೆ. ಆದೇಶಕ್ಕೆ ಖರ್ಚಿಲ್ಲ; ನರ್ಸಿಗೆ ಪ್ರತಿ ತಿಂಗಳು ಸಂಬಳ ಕೊಡಬೇಕು.

ಆ ಓಣಿಗೆ ಆಶಾ ಅಕ್ಕ ಮತ್ತೆ ಹೋದರು, ಒಬ್ಬರೇ, ಕೂಲಿಯವರು ಹೊಲದಿಂದ ಮರಳಿದ ಮೇಲೆ. ಮೂರನೆಯ ಸಂಜೆ ಆ ಹೆಣ್ಣುಮಗಳೇ ಚಹಾ ಕೊಟ್ಟು ಕೂಡಿಸಿ, ಜ್ವರಕ್ಕೆ ಔಷಧ ಕೊಡುವಿರಾ ಎಂದು ಕೇಳಿದಳಂತೆ. ಮುಂದಿನ ಗುರುವಾರ ತನ್ನ ಕೂಸಿನ ಜೊತೆ ನೆರೆಮನೆಯ ಎರಡು ಕೂಸುಗಳನ್ನೂ ಕರೆತಂದಳು.