ಅವರ ಹತ್ರಾನೇ!

ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ. ಭಾನುವಾರದಿಂದ ಅದು ನನ್ನ ತಲೆಯಿಂದ ಇಳಿದಿಲ್ಲ.

ಸೋಮವಾರಪೇಟೆ ಆಚೆ ಇರುವ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಕಣದ ತುಂಬ ಮೆಣಸು ಹರವಿತ್ತು, ಮೋಡ ಕಟ್ಟಿತ್ತು. ಕಾಫಿಗೆ ಹೂಮಳೆ ಬೇಕು, ಆದರೆ ಮೆಣಸು ನೆನೆಯಬಾರದು. ಈ ತಿಂಗಳಲ್ಲಿ ನಮ್ಮ ಕಡೆಯವರು ದೇವರ ಹತ್ತಿರ ಎರಡನ್ನೂ ಕೇಳುತ್ತಾರೆ. ಟಾರ್ಪಾಲಿನ ಒಂದೊಂದು ಮೂಲೆ ಹಿಡಿದು ಎಳೆಯುತ್ತಿದ್ದಾಗಲೇ ಚಿಕ್ಕಪ್ಪ ಶುರು ಮಾಡಿದರು. ನಮ್ಮ ಕಡೆ ಹೆಸರಿರುವ ಆ ಕ್ರಿಮಿನಲ್ ವಕೀಲರಿಗೆ ಮುಂದಿನ ಸಲ ಲೋಕಸಭೆ ಟಿಕೆಟ್ ಅಂತೆ.

"ಕೊಲೆ ಮಾಡಿದವರನ್ನು ಬಿಡಿಸಿದವನಿಗೆ ವೋಟಾ? ನಾನಂತೂ ಹಾಕಲ್ಲ ಮಾರಾಯ."

ಚಿಕ್ಕಮ್ಮ ಟಾರ್ಪಾಲಿನ ಮೇಲೆ ಕಲ್ಲು ಇಡುತ್ತಾ ತಲೆ ಎತ್ತದೆ ಕೇಳಿದರು. "ನಾಳೆ ನಿಮ್ಮ ಮೇಲೆ ಕೇಸಾದ್ರೆ ಯಾರ ಹತ್ರ ಹೋಗ್ತೀರ?"

"ಅವರ ಹತ್ರಾನೇ!"

ಯೋಚನೆ ಮಾಡದೆ ಬಂದ ಉತ್ತರ. 'ಅವನು' ಅಂತಿದ್ದವರು 'ಅವರು' ಅಂದಿದ್ದನ್ನೂ ಗಮನಿಸಿ. ಎಲ್ಲರೂ ನಕ್ಕೆವು. ಚಿಕ್ಕಪ್ಪ ಮಾತ್ರ ಸೋಲುವ ಆಸಾಮಿ ಅಲ್ಲ. "ಕತ್ತಿ ಹರಿತವಾಗಿದೆ ಅಂತ ಅದರ ಕೈಗೆ ಮನೆ ಬೀಗದಕೈ ಕೊಡ್ತಾರಾ?" ಅಂದರು.

ಆಮೇಲೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಎರಡು ಗಂಟೆ ಇದೇ ಮಾತು. ಅವರ ಮಗ ಮೈಸೂರಿನಲ್ಲಿ ಲಾ ಓದುತ್ತಿದ್ದಾನೆ. ಲಾ ಓದುವ ಹುಡುಗರಿಗೆ ಒಂದು ಕಾಯಿಲೆ ಇರುತ್ತೆ, ಉಪ್ಪಿನಕಾಯಿ ಕೇಳುವುದಕ್ಕೂ ಒಂದು ಕಲಂ ಹೇಳುತ್ತಾರೆ. ಇವನೂ ಸಂವಿಧಾನದ 22ನೇ ವಿಧಿ ತೆಗೆದ. ಬಂಧನವಾದ ಯಾರಿಗೇ ಆದರೂ ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ. ಇಂಥ ಆರೋಪಿಯ ಪರ ಯಾರೂ ನಿಲ್ಲಬಾರದು ಅಂತ ವಕೀಲರ ಸಂಘಗಳು ಠರಾವು ಮಾಡುವ ಹಾಗಿಲ್ಲ, 2010ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ ಅಂದ. ಕೊಡಗಿಗೆ ವಕೀಲರೇನು ಹೊಸಬರಾ ಅಂತಲೂ ಕೇಳಿದ. 2023ರಲ್ಲಿ ವಿರಾಜಪೇಟೆಯಲ್ಲಿ ಗೆದ್ದ ಪೊನ್ನಣ್ಣ, ಸೋತ ಬೋಪಯ್ಯ ಇಬ್ಬರೂ ವಕೀಲರೇ. ರಾಜ್ಯ ಆಳಿದ ಕೆಂಗಲ್ ಹನುಮಂತಯ್ಯ, ನಿಜಲಿಂಗಪ್ಪ, ಜತ್ತಿ?

"ಅವರೆಲ್ಲ ಕೋಟು ಬಿಚ್ಚಿಟ್ಟು ಚಳವಳಿಗೆ ಬಂದವರು. ಇವನು ಕೋಟು ಹಾಕ್ಕೊಂಡೇ ಬರ್ತಿದಾನೆ."

ಚಿಕ್ಕಪ್ಪನ ಈ ಮಾತು ನನಗೆ ಹಿಡಿಸಿತು. ಹುಡುಗ ಅಮೆರಿಕಕ್ಕೆ ಹಾರಿದ. 2004ರಲ್ಲಿ ಅಲ್ಲೂ ಇದೇ ಜಗಳ ಆಗಿತ್ತಂತೆ. ಜಾನ್ ಎಡ್ವರ್ಡ್ಸ್ ಅಂತ ನಾರ್ತ್ ಕ್ಯಾರೊಲಿನಾದ ವಕೀಲ, ಗಾಯಗೊಂಡವರ ಪರ ಆಸ್ಪತ್ರೆಗಳ ಮೇಲೆ, ಕಂಪನಿಗಳ ಮೇಲೆ ಕೇಸು ಹಾಕಿ ದೊಡ್ಡ ದೊಡ್ಡ ಪರಿಹಾರ ಕೊಡಿಸಿ ಶ್ರೀಮಂತನಾದವನು. ಉಪಾಧ್ಯಕ್ಷ ಸ್ಥಾನಕ್ಕೆ ನಿಂತಾಗ, ಇಂಥವರಿಂದಲೇ ಡಾಕ್ಟರುಗಳ ವಿಮೆ ದುಬಾರಿ ಆಗಿದ್ದು ಅಂತ ಒಂದು ಕಡೆಯವರು, ಬಡವನ ಪರ ನಿಂತವನು ಅಂತ ಇನ್ನೊಂದು ಕಡೆಯವರು.

"ಗೆದ್ದನಾ?"

"ಸೋತ."

"ನೋಡು ಮತ್ತೆ!"

ನಾನು ಇಷ್ಟೊತ್ತೂ ಸುಮ್ನೆ ಕೂತಿದ್ದೆ. ಕಾರಣ ಇದೆ. ಆ ವಕೀಲರ ಪಾಟೀಸವಾಲಿಗೆ ಸಿಕ್ಕಿದವನು ನಾನು.

ಹತ್ತು ವರ್ಷದ ಹಿಂದಿನ ಮಾತು. ನಮ್ಮೂರ ತಿರುವಿನಲ್ಲಿ ಆಳುಗಳನ್ನು ಬಿಟ್ಟು ಬರುತ್ತಿದ್ದ ಜೀಪು ಒಂದು ಬೈಕಿಗೆ ಗುದ್ದಿತ್ತು. ನಾನು ಸಾಕ್ಷಿ. ನೀಲಿ ಜೀಪು ರಾಂಗ್ ಸೈಡಿನಲ್ಲಿ ಬಂತು ಅಂತ ಧೈರ್ಯವಾಗಿ ಹೇಳಿದೆ. ಅವರು ಜೋರು ಮಾಡಲಿಲ್ಲ. ಮೆತ್ತಗೆ ಕೇಳಿದರು. ಆ ಸಂಜೆ ಕರೆಂಟ್ ಇತ್ತಾ? ಇರಲಿಲ್ಲ. ಮಂಜು? ಇತ್ತು. ಅಂಗಡಿಯಿಂದ ತಿರುವಿಗೆ ಎಷ್ಟು ಹೆಜ್ಜೆ? ಗೊತ್ತಿಲ್ಲ. "ನೂರಾ ಹತ್ತು. ನಾನು ಎಣಿಸಿದ್ದೀನಿ. ಜೀಪು ನೀಲಿ ಅಂತ ಹೇಗೆ ಗೊತ್ತಾಯ್ತು?"

ಆ ನೀಲಿ ಬಣ್ಣ ನಾನು ಮಾರನೇ ದಿನ ಸ್ಟೇಷನ್ ಮುಂದೆ ನೋಡಿದ್ದು. ಕಟಕಟೆಯಲ್ಲಿ ನಿಂತಾಗಲೇ ನನಗೆ ಅದು ಹೊಳೆದಿದ್ದು. ಡ್ರೈವರ್ ಬಿಡುಗಡೆಯಾದ. ಬೈಕಿನ ಹುಡುಗ ಇವತ್ತಿಗೂ ಕುಂಟುತ್ತಾನೆ. ಹೊರಗೆ ಬಂದಾಗ ವಕೀಲರು ಹೆಗಲ ಮೇಲೆ ಕೈ ಇಟ್ಟು "ಬೇಜಾರು ಮಾಡ್ಕೋಬೇಡಿ" ಅಂದಿದ್ದರು. ಅದನ್ನು ಮಾತ್ರ ಇನ್ನೂ ಕ್ಷಮಿಸಿಲ್ಲ.

ಇದನ್ನು ಹೇಳಿದ ಮೇಲೆ ಹುಡುಗ ಖುಷಿಯಾಗಿ ಲಿಂಕನ್ ಕಥೆ ತೆಗೆದ. 1858ರಲ್ಲಿ ಗೆಳೆಯನ ಮಗನ ಮೇಲೆ ಕೊಲೆ ಕೇಸು. ಬೆಳದಿಂಗಳಲ್ಲಿ ಕಣ್ಣಾರೆ ಕಂಡೆ ಅಂದ ಒಬ್ಬ ಸಾಕ್ಷಿ. ಲಿಂಕನ್ ಪಂಚಾಂಗ ತರಿಸಿ, ಆ ಹೊತ್ತಿಗೆ ಚಂದ್ರ ಮುಳುಗುವುದರಲ್ಲಿದ್ದ ಅಂತ ತೋರಿಸಿದರು. ಹುಡುಗ ಬಿಡುಗಡೆಯಾದ. ಫೀಸೂ ತಗೊಳ್ಳಲಿಲ್ಲವಂತೆ. ಎರಡು ವರ್ಷಕ್ಕೆ ಅಧ್ಯಕ್ಷರಾಗಿ ಗೆದ್ದರು. ಎಲ್ಲರಿಗೂ ಲಿಂಕನ್ ಕಂಡರು. ನನಗೆ ಕಂಡಿದ್ದು ಆ ಸಾಕ್ಷಿ. ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿದನೋ ಪಾಪ.

ಅವರಿಗೆ ವೋಟು ಹಾಕಲ್ಲ ಅಂತ ನಾನೂ ಮನಸ್ಸಲ್ಲೇ ತೀರ್ಮಾನ ಮಾಡಿದ್ದೆ. ಅದು ನ್ಯಾಯವೋ ಹಳೇ ಹೊಟ್ಟೆಯುರಿಯೋ ಅಂತ ಈಗ ಅನುಮಾನ. ನೂರಾ ಹತ್ತು ಹೆಜ್ಜೆ. ಆ ಮನುಷ್ಯ ನಮ್ಮೂರಿಗೆ ಬಂದು, ನಡೆದು, ಎಣಿಸಿದ್ದರು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರಾಜಕಾರಣಿಗಳ ಸಾಲು ಸಾಲು ಕಾರು ಬಂದವಲ್ಲ, ಇಳಿದು ಕೆಸರಲ್ಲಿ ನೂರು ಹೆಜ್ಜೆ ನಡೆದವರು ಎಷ್ಟು ಜನ?

ಆದರೂ ಚಿಕ್ಕಪ್ಪನ ಕತ್ತಿ ಮಾತು ಚುಚ್ಚುತ್ತಲೇ ಇದೆ. ಯಾರನ್ನು ಬಿಡಿಸಿದರು ಅನ್ನುವುದು ನನಗೆ ದೊಡ್ಡದಲ್ಲ, ಅದು ಅವರ ಕೆಲಸ. ಕೋರ್ಟಿನಲ್ಲಿ ಅವರಿಗೆ ಒಬ್ಬನೇ ಕಕ್ಷಿದಾರ. ಅವನಿಗೆ ತೊಂದರೆ ಆಗುವ ಮಾತನ್ನು ಬಾಯಿಗೇ ತರಬೇಕಿಲ್ಲ. ಗೆದ್ದರೆ ಆನೆಗಳು ತುಳಿದ ತೋಟದವನೂ ಅವರ ಕಕ್ಷಿದಾರ, ಆನೆಗೆ ಕಾಡು ಬಿಡಿ ಅನ್ನುವವನೂ ಅವರ ಕಕ್ಷಿದಾರ. ತೋಟದ ಮಾಲೀಕನೂ, ಲೈನ್ ಮನೆಯ ಕೂಲಿಯವನೂ. ಯಾರ ವಕಾಲತ್ತು ಹಾಕುತ್ತಾರೆ? ಮೂವತ್ತು ವರ್ಷ ಬೇರೆಯವರ ಮಾತನ್ನೇ ಆಡಿದ ಬಾಯಿಗೆ ಸ್ವಂತ ಮಾತು ಅಂತ ಏನಾದರೂ ಉಳಿದಿರುತ್ತಾ? ಅವರೇ ಎದುರು ಸಿಕ್ಕರೆ ಕೇಳಬೇಕು ಅಂತಿದೆ. ಕೇಳಿದರೆ ನನ್ನನ್ನೇ ತಿರುಗಿಸಿ ನಾಲ್ಕು ಪ್ರಶ್ನೆ ಕೇಳುತ್ತಾರೆ, ಆಗ ಮತ್ತೆ ಜೀಪಿನ ಬಣ್ಣ.

ಬುಧವಾರ ಚಿಕ್ಕಪ್ಪನ ಫೋನು. ಪಕ್ಕದ ತೋಟದವರ ಜೊತೆ ಬೇಲಿ ತಕರಾರು ಕೈ ಕೈ ಮಿಲಾಯಿಸುವ ತನಕ ಹೋಗಿ, ಇವರ ಮೇಲೆ ದೂರು ಬಿದ್ದಿದೆ. "ಆ ವಕೀಲರ ನಂಬರ್ ಇದ್ಯಾ? ಟಿಕೆಟ್ ಸಿಕ್ಕಿ ಗೆದ್ದುಬಿಟ್ರೆ ಆಮೇಲೆ ಕೈಗೆ ಸಿಗಲ್ಲ."

ಸಂಸದರಾದರೂ ವಕೀಲಿಕೆ ಮಾಡಬಹುದು, 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ ಅಂತ ಹಿಂದಿನಿಂದ ಮಗ ಕೂಗುವುದು ಕೇಳಿಸಿತು.

ಚಿಕ್ಕಪ್ಪ ಒಂದು ಗಳಿಗೆ ಸುಮ್ಮನಾದರು. "ಹೌದಾ? ಹಾಗಾದ್ರೆ ಗೆಲ್ಲಲಿ ಬಿಡು."